ಮೂರನೇ ಕಟ್‌ಔಟ್

ವೈಂಡಿಂಗ್ ವಾರ್ನಿಶ್, ಅಂದರೆ ತಂತಿಯ ಸುತ್ತಿಗೆ ಬಳಿದ ಮೆರುಗೆಣ್ಣೆ, ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ. ಡೀಸೆಲ್ ಹೊಗೆ, ಕಾದ ಎಣ್ಣೆ, ಕ್ಲಚ್ಚಿನ ಕಮಟು ಎಲ್ಲದರ ನಡುವೆಯೂ ಅದು ಬೇರೆಯಾಗಿಯೇ ಗೊತ್ತಾಗುತ್ತದೆ. ಅರ್ಧ ಉಳುಮೆಯಲ್ಲಿ ಆ ವಾಸನೆ ಬಂತು. ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ನಾಯಿಯ ಹಾಗೆ ಮೂಸುತ್ತಾ ಹೋದೆ. ಡ್ಯಾಶ್‌ಬೋರ್ಡಿನ ಹಿಂದೆ ತಗಡಿಗೆ ಎರಡು ಸ್ಕ್ರೂನಲ್ಲಿ ಕೂತಿದ್ದ ಕರಿ ಡಬ್ಬಿಯ ಮುಂದೆ ಮೂಗು ನಿಂತಿತು. ಬೆರಳಿಟ್ಟೆ. ಇಟ್ಟದ್ದಕ್ಕಿಂತ ಬೇಗ ತೆಗೆದೆ.

ಅಪ್ಪನ ಈ ಟ್ರ್ಯಾಕ್ಟರ್ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಈಗಿನ ಗಾಡಿಗಳ ಆಲ್ಟರ್ನೇಟರ್ ಇಲ್ಲ, ಹಳೇ ಕಾಲದ ಡೈನಮೋ. ಫ್ಯಾನ್ ಬೆಲ್ಟಿನ ಜೊತೆ ತಿರುಗಿ ಅದು ಹುಟ್ಟಿಸುವ ಕರೆಂಟು ಈ ಡಬ್ಬಿಯನ್ನು ಹಾದು ಬ್ಯಾಟರಿಗೆ ಹೋಗುತ್ತದೆ. ಪುಸ್ತಕದವರು ವೋಲ್ಟೇಜ್ ರೆಗ್ಯುಲೇಟರ್ ಎನ್ನುತ್ತಾರೆ, ಕೈ ಮಸಿ ಮಾಡಿಕೊಳ್ಳುವವರ ಬಾಯಲ್ಲಿ ಅದು ಬರೀ ಕಟ್‌ಔಟ್. ಮುಚ್ಚಳ ತೆಗೆದರೆ ಒಳಗೆ ಎರಡು ಕಾಯಿಲ್, ಅಂದರೆ ತಂತಿ ಸುತ್ತಿ ಮಾಡಿದ ಅಯಸ್ಕಾಂತ. ಒಂದು ನಿಜವಾದ ಕಟ್‌ಔಟ್: ಡೈನಮೋ ವೋಲ್ಟೇಜು 13ರ ಆಸುಪಾಸಿಗೆ ಏರಿದಾಗ ಪಾಯಿಂಟ್ (ಸ್ವಿಚ್ಚಿನ ಹಾಗೆ ಕೂಡಿ ಬಿಡುವ ಲೋಹದ ತುದಿಗಳು) ಕೂಡಿಸಿ ಬ್ಯಾಟರಿಗೆ ದಾರಿ ಬಿಡುತ್ತದೆ, ಎಂಜಿನ್ ನಿಂತಾಗ ಬಿಡಿಸುತ್ತದೆ. ಬಿಡಿಸದಿದ್ದರೆ ಬ್ಯಾಟರಿಯ ಕರೆಂಟು ತಿರುಗಿ ಡೈನಮೋಗೆ ನುಗ್ಗಿ, ನಿಂತ ಗಾಡಿಯಲ್ಲೇ ಡೈನಮೋ ಬಿಸಿಯೇರುತ್ತದೆ. ಇನ್ನೊಂದು ರೆಗ್ಯುಲೇಟರ್: ವೋಲ್ಟೇಜು ಮಿತಿ ಮುಟ್ಟಿತೆಂದರೆ ತನ್ನ ಪಾಯಿಂಟನ್ನು ಸೆಕೆಂಡಿಗೆ ಹತ್ತಾರು ಸಲ ತೆರೆದು ಮುಚ್ಚಿ ಡೈನಮೋದ ಫೀಲ್ಡ್ ಕರೆಂಟನ್ನು, ಅಂದರೆ ಅದರೊಳಗಿನ ಅಯಸ್ಕಾಂತಕ್ಕೆ ಹೋಗುವ ಕರೆಂಟನ್ನು, ಹಿಡಿದಿಡುತ್ತದೆ. ಕಿವಿ ಹತ್ತಿರ ಇಟ್ಟರೆ ಜೀರುಂಡೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ.

ಮೊದಲ ಡಬ್ಬಿ ಸುಟ್ಟಾಗ ಒಬ್ಬ ಮೆಕ್ಯಾನಿಕ್ ಬಂದು ನೋಡಿ, “ಹಳೇದಾಯ್ತಲ್ಲಕ್ಕಾ, ಹೊಸದು ಹಾಕಿ” ಅಂದ. ಹಾಕಿಸಿದೆ. ಎಂಟನೇ ದಿನಕ್ಕೆ ಅದೇ ವಾಸನೆ. “ಮಾಲು ಸರಿಯಿಲ್ಲ, ಇನ್ನೊಂದು ಹಾಕೋಣ” ಅಂದ. ಅದನ್ನೂ ಹಾಕಿಸಿದೆ. ಎರಡು ಸಲವೂ ಅವನ ಹತ್ತಿರ ಮೀಟರ್ ಇರಲಿಲ್ಲ, ನಾನೂ ಕೇಳಲಿಲ್ಲ. ಅವನನ್ನೊಬ್ಬನನ್ನೇ ದೂರಿ ಏನು ಬಂತು? ನಾನು ಅದಕ್ಕಿಂತ ಚೆಂದದ ಕೆಲಸ ಮಾಡಿದ್ದೇನೆ. ಎರಡನೆಯದಕ್ಕೆ ಗಾಳಿ ಆಡಲಿ ಅಂತ ಮುಚ್ಚಳದಲ್ಲಿ ಡ್ರಿಲ್ ಹಿಡಿದು ಹನ್ನೆರಡು ತೂತು ಹೊಡೆದೆ. ಗಾಳಿ ಎಷ್ಟು ಆಡಿತೋ, ಉಳುಮೆಯ ಧೂಳು ಮಾತ್ರ ಪಾಯಿಂಟಿನ ಮೇಲೆ ಹದವಾಗಿ ಕೂತಿತು. ಆ ಮುಚ್ಚಳ ಇನ್ನೂ ಇದೆ. ಯಾರಿಗೂ ತೋರಿಸುವುದಿಲ್ಲ.

ಮೂರನೆಯದನ್ನು ಹಾಕಿದ ಮೇಲೆ ಗಾಡಿ ಹೊರಗೆ ತೆಗೆಯಲು ಭಯ. ಅಪ್ಪನಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೇಳಿದರು.

“ಸೂಜಿ ಎಲ್ಲಿ ನಿಂತಿದೆಯೇ?”

“ಚಾರ್ಜ್ ಕಡೆ, ಪೂರ್ತಿ ಬಲಕ್ಕೆ. ಚೆನ್ನಾಗಿ ಚಾರ್ಜ್ ಆಗ್ತಿದೆ ಅಪ್ಪಾ.”

“ಎಷ್ಟು ಹೊತ್ತಿಂದ?”

ನಾನು ಉತ್ತರ ಕೊಡಲಿಲ್ಲ. ಯಾಕೆಂದರೆ ಎಷ್ಟು ಹೊತ್ತಿನಿಂದ ಅಲ್ಲ, ಎಷ್ಟು ತಿಂಗಳಿನಿಂದ ಎನ್ನಬೇಕಿತ್ತು. ಕರೆಂಟು ತೋರಿಸುವ ಆಮೀಟರಿನ ಸೂಜಿ ಬಲಕ್ಕೆ ಒರಗಿ ನಿಂತಿದೆ ಅಂತ ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಸರಿ ಇರುವ ಗಾಡಿಯಲ್ಲಿ ಸ್ಟಾರ್ಟ್ ಆದ ಸ್ವಲ್ಪ ಹೊತ್ತು ಸೂಜಿ ಬಲಕ್ಕೆ ಹೋಗಿ, ಸ್ಟಾರ್ಟರ್ ತಿಂದಷ್ಟು ಬ್ಯಾಟರಿಗೆ ತುಂಬಿದ ಮೇಲೆ ನಡುವಿನ ಕಡೆಗೆ ಜಾರಬೇಕು. ನನ್ನದು ಜಾರುತ್ತಲೇ ಇರಲಿಲ್ಲ. ಇಡೀ ದಿನ ಚಾರ್ಜು, ಬೆಳಿಗ್ಗೆ ಸ್ಟಾರ್ಟರ್ ಒತ್ತಿದರೆ ಮುಕ್ಕರಿಕೆ. ಉಣಿಸಿದಷ್ಟೂ ಹಸಿವು ಅನ್ನುವ ಮಗುವನ್ನು ನೋಡಿ ಯಾರಾದರೂ ಅನುಮಾನ ಪಡುತ್ತಿದ್ದರು. ನನಗೆ ಅನುಮಾನ ಬಂದಿರಲಿಲ್ಲ.

ಹಾಗಾಗಿ ಅವತ್ತು ಕೂತು ಅಳೆಯಲು ಶುರುಮಾಡಿದೆ. ಮೊದಲು ಕೈಯ ಉಂಗುರ, ಬಳೆ, ವಾಚು ತೆಗೆದಿಟ್ಟೆ. ಬ್ಯಾಟರಿಯ ಜೀವ ತಂತಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಅದು ಕ್ಷಣದಲ್ಲಿ ಕೆಂಪಾಗುತ್ತದೆ, ಬೆರಳಿನಲ್ಲಿ ಇರುವಾಗಲೇ.

ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಒಂದು ಕ್ಲ್ಯಾಂಪ್ ಮೀಟರ್ ತಂದು ಡೈನಮೋ ತಂತಿಗೆ ಸುತ್ತಿದೆ. ಸೊನ್ನೆ. ಎಂಜಿನ್ ಏರಿಸಿದೆ. ಸೊನ್ನೆ. ಡೈನಮೋ ಸತ್ತೇಹೋಯಿತು ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಆಮೇಲೆ ಮೀಟರಿನ ಡಯಲ್ ಸರಿಯಾಗಿ ಓದಿದರೆ, ಅದು ಎಸಿ ಕರೆಂಟು ಮಾತ್ರ ಅಳೆಯುವ ಜಾತಿಯದು. ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಹೆಚ್ಚಿನವು ಹಾಗೇ. ಗಾಡಿಯ ಕರೆಂಟು ಡಿಸಿ, ಅದಕ್ಕೆ ಡಿಸಿ ಅಳೆಯುವ ಕ್ಲ್ಯಾಂಪೇ ಬೇಕು. ಅದನ್ನು ಚಿಕ್ಕಪ್ಪನ ಮಗನಿಂದ ಎರವಲು ತಂದೆ. ಈ ಸಲ 20 ಆಂಪಿಯರ್. ಡೈನಮೋದ ಮೇಲಿನ ತಗಡಿನಲ್ಲಿ ಕೆತ್ತಿರುವ ಗರಿಷ್ಠವೇ 22. ಎಂಜಿನನ್ನು ಕೆಲಸದ ವೇಗದಲ್ಲಿ ಬಿಟ್ಟು ನಲವತ್ತು ನಿಮಿಷ ಕಾದೆ. 19. ಅಂದರೆ ಡೈನಮೋ ದಿನವಿಡೀ ಉಸಿರು ಕಟ್ಟಿ ಓಡುತ್ತಿದೆ, ಅಷ್ಟೂ ಕರೆಂಟು ಆ ಪುಟ್ಟ ಡಬ್ಬಿಯ ದಪ್ಪ ಸುತ್ತುಗಳ ಮೂಲಕ ಹೋಗುತ್ತಿದೆ. ಕಾಯದೆ ಇನ್ನೇನು ಮಾಡೀತು? ಕರೆಂಟು ಎರಡು ಪಟ್ಟಾದರೆ ಕಾವು ಎರಡಲ್ಲ, ನಾಲ್ಕು ಪಟ್ಟು.

ಅದರ ಮೇಲೆ ಸ್ಕ್ರೂಗಳದ್ದೊಂದು ಕಥೆ. ಡಬ್ಬಿಯ ಅಡಿಯಲ್ಲಿ ಐದು ಸ್ಕ್ರೂ: ಎ, ಎ1, ಎಫ್, ಡಿ, ಇ. ಡೈನಮೋ ಕಡೆಯ ದಪ್ಪ ತಂತಿ ಬರುವುದು ಡಿಗೆ. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಮೊನೆ ತಂತಿಯ ತುದಿಗೆ ಕೂರಿಸಿದ ಲೋಹದ ಲಗ್ಗಿನ ಮೇಲೆ, ಇನ್ನೊಂದು ಸ್ಕ್ರೂ ತಲೆಯ ಮೇಲೆ ಇಟ್ಟೆ. ಒಂದಕ್ಕೊಂದು ಅಂಟಿಕೊಂಡಿರುವ ಎರಡು ಲೋಹ, ಅಲ್ಲಿ ವೋಲ್ಟೇಜೇ ಇರಬಾರದು. 0.6 ವೋಲ್ಟ್ ಇತ್ತು. 20 ಆಂಪಿಯರಿಗೆ ಗುಣಿಸಿ: 12 ವಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್ ಆ ಸ್ಕ್ರೂವಿನಲ್ಲಿ ಸದಾ ಉರಿಯುತ್ತಿದ್ದ ಲೆಕ್ಕ. ಲಗ್ ಬಿಚ್ಚಿದರೆ ಹಸಿರು ಕಿಲುಬು, ಒಳಗಿನ ಎಳೆಗಳು ಕಪ್ಪು. ತುದಿ ಕತ್ತರಿಸಿ ಹೊಸ ಲಗ್ ಹಾಕಿದೆ. 0.6 ಹೋಗಿ 0.03 ಆಯಿತು. ಸ್ಕ್ರೂವಿನ ಬಿಸಿ ಇಳಿಯಿತು, ಡಬ್ಬಿಯದು ಇಳಿಯಲಿಲ್ಲ.

ಇಷ್ಟಾದ ಮೇಲೂ ಡಬ್ಬಿಯ ಕಡೆಗೇ ನೋಡುತ್ತಿದ್ದರೆ ನಾಲ್ಕನೆಯದನ್ನೂ ತರುತ್ತಿದ್ದೆ. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ಈ 20 ಆಂಪಿಯರನ್ನು ಬೇಡುತ್ತಿರುವವರು ಯಾರು? ದೀಪ ಹಾಕಿಲ್ಲ, ಹಾರ್ನ್ ಒತ್ತಿಲ್ಲ. ಉಳಿದದ್ದು ಬ್ಯಾಟರಿ.

ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ಅಳೆದೆ: 10.5. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್, ತುಂಬಿದಾಗ ಒಂದೊಂದು ಸುಮಾರು 2.1 ಕೊಡುತ್ತದೆ, ಒಟ್ಟು 12.6. ನನಗೆ ಸಿಕ್ಕಿದ್ದು ಸರಿಯಾಗಿ ಐದು ಸೆಲ್ಲಿನ ಲೆಕ್ಕ. ಬೂಚು ತೆಗೆದು, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದೆ. ಐದು ಸೆಲ್ 1.240ರ ಹತ್ತಿರ. ಕೊನೆಯಿಂದ ಎರಡನೆಯದು 1.110. ಅದರಲ್ಲಿ ನೀರೂ ಪ್ಲೇಟಿನ ಕೆಳಗೆ ಇಳಿದಿತ್ತು. ಸೆಲ್ ಒಳಗೇ ಶಾರ್ಟ್. ಈ ಬ್ಯಾಟರಿ ಎಷ್ಟು ಕುಡಿದರೂ 14 ಮುಟ್ಟುವುದಿಲ್ಲ. ರೆಗ್ಯುಲೇಟರ್ ಕಾಯುವುದೇ 14ಕ್ಕೆ. ಬರದ ನೆಂಟನಿಗೆ ಬಾಗಿಲು ತೆರೆದಿಟ್ಟ ಹಾಗೆ ಅದು ತನ್ನ ಪಾಯಿಂಟನ್ನು ಕೂಡಿಸಿಕೊಂಡೇ ಕೂತಿದೆ, ಡೈನಮೋ ಸುರಿಯುತ್ತಲೇ ಇದೆ. ಈ ಎರಡು ಕಾಯಿಲಿನ ಡಬ್ಬಿಯಲ್ಲಿ ಕರೆಂಟು ಏರಿದಂತೆ ವೋಲ್ಟೇಜನ್ನು ಒಂದಿಷ್ಟು ತಗ್ಗಿಸುವ ಸುತ್ತುಗಳಿವೆ ನಿಜ, ಆದರೆ ಇಂತಿಷ್ಟೇ ಆಂಪಿಯರ್ ಎಂದು ಗೆರೆ ಎಳೆದು ನಿಲ್ಲಿಸುವ ಮೂರನೇ ಕಾಯಿಲ್ ಇಲ್ಲ.

ಗೆದ್ದೆ ಅಂದುಕೊಂಡೆ. ಅಪ್ಪನಿಗೂ ಹೇಳಿಬಿಟ್ಟೆ.

“ಬ್ಯಾಟರಿ ಸತ್ತದ್ದು ಸರಿ,” ಅಂದರು. “ಕೊಂದವರು ಯಾರು?”

ಹೊಸ ಬ್ಯಾಟರಿ ತರುವ ಮೊದಲು ಚಿಕ್ಕಪ್ಪನ ಗಾಡಿಯ ಚೆನ್ನಾಗಿರುವ ಬ್ಯಾಟರಿ ಹಾಕಿ ನೋಡಿದೆ. ಈಗ ಬರೆಯುವಾಗಲೂ ನಿಟ್ಟುಸಿರು ಬರುತ್ತದೆ, ಹಾಗೆ ಮಾಡದಿದ್ದರೆ ಇನ್ನೊಂದು ಬ್ಯಾಟರಿಯೂ ಹೋಗುತ್ತಿತ್ತು. ಎಂಜಿನ್ ಏರಿಸಿ ಬ್ಯಾಟರಿ ಮೇಲೆ ಮೀಟರ್ ಇಟ್ಟೆ. 14 ದಾಟಿತು. 14.5. 15. 15.6ರಲ್ಲಿ ನಾನೇ ಎಂಜಿನ್ ನಿಲ್ಲಿಸಿದೆ. ಹೀಗೆ ದಿನಗಟ್ಟಲೆ ಓಡಿದರೆ ಬ್ಯಾಟರಿಯ ನೀರು ಗ್ಯಾಸಾಗಿ ಹಾರಿಹೋಗುತ್ತದೆ, ಪ್ಲೇಟು ಒಣಗುತ್ತದೆ, ಒಂದು ಸೆಲ್ ಮೊದಲು ಸಾಯುತ್ತದೆ. ಕೊಂದವರ ಜಾಡು ಸಿಕ್ಕಿತು.

ಆಗ ಇನ್ನೊಂದು ತಪ್ಪು ಮಾಡಿದೆ. ಡಬ್ಬಿಯ ಹಿಂಬದಿಯ ಸ್ಕ್ರೂ ತಿರುಗಿಸಿದರೆ ರೆಗ್ಯುಲೇಟರಿನ ವೋಲ್ಟೇಜು ಇಳಿಸಬಹುದು ಅಂತ ಓದಿದ್ದೆ. ಅದಕ್ಕೆ ಕ್ರಮ ಬೇರೆಯೇ ಇದೆ. ಕಟ್‌ಔಟ್ ಪಾಯಿಂಟುಗಳ ನಡುವೆ ಕಾಗದದ ಚೂರು ಸಿಕ್ಕಿಸಿ, ಬ್ಯಾಟರಿಗೆ ದಾರಿ ತಪ್ಪಿಸಿ, ಡೈನಮೋ ಒಂದನ್ನೇ ಓಡಿಸಿ, ಅರ್ಧ ನಿಮಿಷದೊಳಗೆ ಅಳೆದು ಮುಗಿಸಬೇಕು. ತಡವಾದರೆ ಕಾಯಿಲ್ ಕಾದು ಅಳತೆಯೇ ಸುಳ್ಳಾಗುತ್ತದೆ. ಅದ್ಯಾವುದೂ ಮಾಡದೆ ಬ್ಯಾಟರಿ ಮೇಲಿನ ಅಂಕಿ ನೋಡಿಕೊಂಡು ಕಾಲು ಸುತ್ತು ತಿರುಗಿಸಿದೆ. 14.2ಕ್ಕೆ ಬಂದು ನಿಂತಿತು. ಎಷ್ಟು ಸುಲಭ!

ಮರುದಿನ 12.9.

ಯಾರೂ ಮುಟ್ಟಿಲ್ಲ. ಒಂದು ಸುತ್ತು ಗಾಡಿ ಓಡಿಸಿ ಬಂದು ನೋಡಿದರೆ 15.1. ಮುಚ್ಚಳದ ಮೇಲೆ ಕೈ ಊರಿ ಬಗ್ಗಿದಾಗ 13ಕ್ಕೆ ಇಳಿಯಿತು. ಕೈ ತೆಗೆದೆ, ಏರಿತು. ಮತ್ತೆ ಒತ್ತಿದೆ, ಇಳಿಯಿತು. ಸ್ಕ್ರೂ ತಿರುಗಿಸಿ ಸರಿಪಡಿಸುವ ರೋಗ ಹೀಗೆ ಕೈ ಒತ್ತಿದಾಗ ಬಂದು ಹೋಗಿ ಮಾಡುವುದಿಲ್ಲ. ಎಲ್ಲೋ ಏನೋ ತಾಗಿ ಬಿಟ್ಟು, ತಾಗಿ ಬಿಟ್ಟು ಮಾಡುತ್ತಿದೆ.

ಇ ಸ್ಕ್ರೂ. ಅರ್ಥ್, ಅಂದರೆ ಕರೆಂಟು ಗಾಡಿಯ ಬಾಡಿ ಮೂಲಕ ವಾಪಸ್ ಹೋಗುವ ದಾರಿ. ಮೀಟರಿನ ಒಂದು ಮೊನೆ ಇ ಮೇಲೆ, ಇನ್ನೊಂದು ಬ್ಯಾಟರಿಯ ಬಾಡಿ ಕಡೆಯ ಟರ್ಮಿನಲ್ ಮೇಲೆ ಇಟ್ಟೆ. ಎರಡೂ ಅರ್ಥೇ, ಸೊನ್ನೆ ಬರಬೇಕು. 1.3ರ ಸುತ್ತ ಅಂಕಿ ಕುಣಿಯುತ್ತಿತ್ತು.

ಇಷ್ಟಕ್ಕೇ ಬ್ಯಾಟರಿ ಸಾಯುತ್ತದೆಯೇ ಅನ್ನಿಸಬಹುದು. ರೆಗ್ಯುಲೇಟರಿನ ತೆಳು ತಂತಿಯ ಕಾಯಿಲ್ ಡೈನಮೋ ವೋಲ್ಟೇಜನ್ನು ತೂಗಿ ನೋಡುವ ತಕ್ಕಡಿ. ಅದರ ಒಂದು ತುದಿ ಡೈನಮೋ ಕಡೆಗೆ, ಇನ್ನೊಂದು ಇ ಮೂಲಕ ಗಾಡಿಯ ಬಾಡಿ ಕಡೆಗೆ. ಆ ಇನ್ನೊಂದು ತುದಿಯ ದಾರಿಯಲ್ಲಿ 1.3 ವೋಲ್ಟ್ ಸೋರಿಹೋದರೆ, ಡೈನಮೋ 15.3 ಹುಟ್ಟಿಸಿದಾಗ ಕಾಯಿಲಿಗೆ ಕಾಣುವುದು 14. ಅದರ ಪಾಲಿಗೆ ಎಲ್ಲ ಸರಿಯಾಗಿದೆ. ಬಡಪಾಯಿ ಡಬ್ಬಿ ಸುಳ್ಳು ತೂಕ ನಂಬಿಕೊಂಡು ಪ್ರಾಮಾಣಿಕವಾಗಿ ದುಡಿಯುತ್ತಿತ್ತು. ಕಾಯಿಲ್ ಬಿಸಿಯಾದಂತೆ ತಾಮ್ರದ ತಡೆ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ, ಅಂದರೆ ತಕ್ಕಡಿ ಇನ್ನಷ್ಟು ಮಂದವಾಗುತ್ತದೆ. ಅದನ್ನು ಸರಿದೂಗಿಸಲು ಡಬ್ಬಿಯೊಳಗೆ ಎರಡು ಲೋಹ ಬೆಸೆದು ಮಾಡಿದ, ಕಾವಿಗೆ ಬಾಗುವ ಪಟ್ಟಿ ಇಟ್ಟಿರುತ್ತಾರೆ. ಮಾಡಿದವರು ಸೆಕೆಗೆ, ಚಳಿಗೆ ಎಲ್ಲಕ್ಕೂ ಯೋಚಿಸಿದ್ದರು. ನನ್ನಂಥವಳು ಬರುತ್ತಾಳೆ ಅಂತ ಯೋಚಿಸಿರಲಿಲ್ಲ.

ಅರ್ಥ್ ತಂತಿಯ ಜಾಡು ಹಿಡಿದು ಹೋದೆ. ಇ ಯಿಂದ ಹೊರಟ ಗೇಣುದ್ದದ ತಂತಿ ಅದೇ ತಗಡಿನ ಒಂದು ಬೋಲ್ಟಿಗೆ ಹೋಗಿ ಮುಗಿಯುತ್ತದೆ. ಬೋಲ್ಟ್ ಬಿಗಿಯಾಗಿಯೇ ಇದೆ. ಬಿಚ್ಚಿದೆ. ಲಗ್ಗಿನ ಅಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಕೆಂಪು ಬಣ್ಣ.

ಎರಡು ವರ್ಷದ ಹಿಂದೆ ನಾನು ಈ ಟ್ರ್ಯಾಕ್ಟರಿಗೆ ಬಣ್ಣ ಹೊಡೆದೆ. ಯಾರಿಗೂ ಕೊಡದೆ ನಾನೇ, ತುಕ್ಕು ಉಜ್ಜಿ, ಪ್ರೈಮರ್ ಬಳಿದು, ಒಂದರ ಮೇಲೊಂದು ನಾಲ್ಕು ಕೋಟು. ಸಂದುಗೊಂದು ಬಿಡಲಿಲ್ಲ. ತಗಡು ಬಿಚ್ಚಿ ಎರಡೂ ಮುಖಕ್ಕೆ ಹೊಡೆದೆ. ಡೈನಮೋವನ್ನು ಎಂಜಿನ್ನಿಗೆ ಹಿಡಿದಿಡುವ ಹಿಡಿಕೆಗೂ ಹೊಡೆದೆ. ಜೋಡಿಸುವಾಗ ಬೋಲ್ಟಿನ ಕೆಳಗೆ ಗೀರು ಬೀಳಬಾರದು ಅಂತ ಹಲ್ಲಿನ ವಾಷರ್ ತೆಗೆದು ನುಣುಪು ವಾಷರ್ ಹಾಕಿದ್ದೂ ನೆನಪಿದೆ. ಹಲ್ಲಿನ ವಾಷರ್ ಇರುವುದೇ ಗೀರಲಿಕ್ಕೆ. ಬಣ್ಣವನ್ನು ಕಚ್ಚಿ ಲೋಹ ಮುಟ್ಟಲಿ ಅಂತ. ಬೋಲ್ಟಿನ ಮರೆ ಎಲ್ಲೋ ತುಸು ತಾಗಿ ಅಷ್ಟಿಷ್ಟು ಅರ್ಥ್ ಸಿಗುತ್ತಿತ್ತು. ಗಾಡಿ ಅದುರಿದಾಗ ಅದೂ ಇಲ್ಲ. ಅರ್ಥ್ ಇಲ್ಲದೆ ಇಷ್ಟೆಲ್ಲ ಅನರ್ಥ. ಎರಡು ಡಬ್ಬಿ, ಒಂದು ಬ್ಯಾಟರಿ, ಮೆಕ್ಯಾನಿಕ್ ಮೇಲೆ ನಾನು ಆಡಿದ ಮಾತು, ಎಲ್ಲದರ ಬುಡದಲ್ಲಿ ನಾನು ಬಳಿದ ಬಣ್ಣ.

ರಿಪೇರಿ ಹತ್ತು ನಿಮಿಷದ್ದು. ಬೋಲ್ಟಿನ ಸುತ್ತ ಬೊಟ್ಟಿನಗಲ ಬಣ್ಣ ಕೆರೆದು ಲೋಹ ಬೆಳ್ಳಗೆ ಕಾಣುವ ತನಕ ಉಜ್ಜಿದೆ. ಹಲ್ಲಿನ ವಾಷರ್ ವಾಪಸ್ ಬಂತು. ಬಿಗಿ ಮಾಡಿದ ಮೇಲೆ ತುಕ್ಕು ಬಾರದಂತೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ನಂಬಿಕೆ ಸಾಲದೆ, ಇ ಯಿಂದ ಡೈನಮೋದ ಬಾಡಿಯವರೆಗೆ ಬೇರೆಯೇ ಒಂದು ತಂತಿ ಎಳೆದೆ. ಡೈನಮೋ ಹಿಡಿಕೆಯ ಬಣ್ಣವನ್ನೂ ಕೆರೆದೆ, ಯಾಕೆಂದರೆ ಅದರ ಅಷ್ಟೂ ಕರೆಂಟು ವಾಪಸ್ ಬರುವುದು ಆ ಹಿಡಿಕೆಯ ಮೂಲಕವೇ. ಮತ್ತೆ ಅಳೆದರೆ 1.3 ಇದ್ದಲ್ಲಿ 0.02.

ನಾನು ಕಾಲು ಸುತ್ತು ತಿರುಗಿಸಿ ಕೆಡಿಸಿದ್ದ ಸ್ಕ್ರೂವನ್ನು ಈ ಸಲ ಕಾಗದ ಸಿಕ್ಕಿಸಿ ಕ್ರಮವಾಗಿ ಹೊಂದಿಸಿದೆ. ಅದೇ ಹೊತ್ತಿಗೆ ಪಾಯಿಂಟ್ ಶುಚಿ ಮಾಡಿದೆ. ಇಲ್ಲೊಂದು ಸೂಕ್ಷ್ಮವಿದೆ. ರೆಗ್ಯುಲೇಟರ್ ಪಾಯಿಂಟು ಗಟ್ಟಿ ಲೋಹದ್ದು, ಅದಕ್ಕೆ ನಯವಾದ ಎಮರಿ ಆದೀತು. ಕಟ್‌ಔಟಿನದು ಮೆತ್ತಗಿನದು, ಅದಕ್ಕೆ ಎಮರಿ ಮುಟ್ಟಿಸಬಾರದು; ನಯವಾದ ಗಾಜಿನ ಪುಡಿಯ ಉಪ್ಪುಕಾಗದ ಸಾಕು, ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಡೈನಮೋದ ಹಿಂಬದಿ ಬುಷ್ಷಿಗೆ ಎರಡೇ ಹನಿ ಎಣ್ಣೆ ಬಿಟ್ಟೆ. ಹಿಂದೊಮ್ಮೆ ಚಿಕ್ಕಪ್ಪ ಪ್ರೀತಿ ಹೆಚ್ಚಾಗಿ ಅರ್ಧ ಕುಪ್ಪಿ ಸುರಿದು, ಎಣ್ಣೆ ಕಾರ್ಬನ್ ಬ್ರಷ್ಷಿಗೆ ಹರಿದು, ಒಂದು ವಾರ ಚಾರ್ಜೇ ಇಲ್ಲದೆ ಓಡಿದ್ದೆವು.

ಹೊಸ ಬ್ಯಾಟರಿ ಕೂರಿಸುವಾಗ ಕೈ ಸ್ವಲ್ಪ ನಡುಗಿತು. ಈ ಗಾಡಿಯಲ್ಲಿ ಬಾಡಿ ಕಡೆಗೆ ಹೋಗುವುದು ಪಾಸಿಟಿವ್, ಹಳೆಯ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಹಾಗಿರುತ್ತದೆ. ಈಗಿನ ಗಾಡಿಗಳ ಅಭ್ಯಾಸದಲ್ಲಿ ಉಲ್ಟಾ ಹಾಕಿಬಿಟ್ಟರೆ ಡೈನಮೋ ಮತ್ತು ಬ್ಯಾಟರಿ ಒಂದಕ್ಕೊಂದು ಎದುರು ನಿಲ್ಲುವ ಬದಲು ಜೊತೆಗೂಡಿ ತಳ್ಳುತ್ತವೆ, ಕಟ್‌ಔಟ್ ಪಾಯಿಂಟು ಬೆಸೆದೇ ಹೋಗುತ್ತದೆ. ಡೈನಮೋಗೂ ದಿಕ್ಕು ನೆನಪು ಮಾಡಿಸಿದೆ: ಎಫ್ (ಫೀಲ್ಡ್) ತಂತಿ ಬಿಚ್ಚಿ, ಬ್ಯಾಟರಿಯ ಜೀವ ಕಡೆಯಿಂದ ಒಂದು ತಂತಿ ತಂದು ಡೈನಮೋದ ಎಫ್‌ಗೆ ಕ್ಷಣ ಮಾತ್ರ ತಾಗಿಸಿದೆ. ಸಣ್ಣ ಕಿಡಿ, ಅಷ್ಟೇ.

ಇದನ್ನೆಲ್ಲ ಕೇಳಿದ ಇಬ್ಬರು ಮೂವರು, ಡೈನಮೋ ಕಿತ್ತು ಆಲ್ಟರ್ನೇಟರ್ ಹಾಕಬಾರದಿತ್ತೇ ಅಂದರು. ಹಾಕಬಹುದು. ಎಂಜಿನ್ ನಿಧಾನಕ್ಕೆ ಓಡುವಾಗಲೂ ಅದು ಚಾರ್ಜ್ ಮಾಡುತ್ತದೆ, ರಾತ್ರಿ ದೀಪ ಹಚ್ಚಿಕೊಂಡು ದುಡಿಯುವವರಿಗೆ ಅದೇ ಒಳ್ಳೆಯದು. ಆದರೆ ಆ ಬಣ್ಣದ ಮೇಲೆಯೇ ಆಲ್ಟರ್ನೇಟರ್ ಕೂರಿಸಿದ್ದರೆ ಅದೂ ಏನೋ ಒಂದು ತಕರಾರು ತೆಗೆಯುತ್ತಿತ್ತು. ನನ್ನ ಗಾಡಿ ಹಗಲಲ್ಲಿ ಮಾತ್ರ ಓಡುತ್ತದೆ. ಡೈನಮೋ ಇರಲಿ.

ಸ್ಟಾರ್ಟ್ ಮಾಡಿ ಕಟ್ಟೆ ಹತ್ತಿರ ತಂದು ನಿಲ್ಲಿಸಿದೆ. ಮೊದಲು 14 ಆಂಪಿಯರ್ ಹೋಯಿತು. ಇಪ್ಪತ್ತು ನಿಮಿಷಕ್ಕೆ 4. ಡಬ್ಬಿಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಅದು ಬೆಚ್ಚಗಿರಬೇಕಾದದ್ದೇ, ಒಳಗಿನ ಕಾಯಿಲಿಗೂ ತನ್ನ ಪಾಲಿನ ಕರೆಂಟು ಬೇಕು. ಅಂಗೈ ತೆಗೆಯಬೇಕು ಅನ್ನಿಸಲಿಲ್ಲ.

ಅಪ್ಪ ತಲೆ ವಾಲಿಸಿ ಕೇಳುತ್ತಿದ್ದರು. “ಗುಂಯ್ ಅಂತಿದೆ,” ಅಂದರು. ಎಂಜಿನ್ ಸದ್ದಿನ ನಡುವೆ ಅದು ಅವರಿಗೆ ಹೇಗೆ ಕೇಳಿತೋ. ನನಗಂತೂ ಮುಚ್ಚಳಕ್ಕೆ ಕಿವಿ ಕೊಟ್ಟರೂ ಕೇಳಲಿಲ್ಲ.

ಮೊದಲು ಸುಟ್ಟಿತು ಅಂತ ಎಸೆದಿಟ್ಟಿದ್ದ ಡಬ್ಬಿಯನ್ನು ಆಮೇಲೆ ಬಿಚ್ಚಿ ನೋಡಿದೆ. ಮೇಲಿನ ಸುತ್ತಿನ ವಾರ್ನಿಶ್ ಕಂದಿದೆ, ಕಾಯಿಲ್ ಕಡಿದಿಲ್ಲ. ಪಾಯಿಂಟ್ ಉಜ್ಜಿ, ತೂತಿಲ್ಲದ ಮುಚ್ಚಳ ಹಾಕಿ ಇಟ್ಟಿದ್ದೇನೆ.

ಮೊನ್ನೆ ಚಿಕ್ಕಪ್ಪ ಬಂದಿದ್ದರು. ಬಾನೆಟ್ ತೆರೆದು ನೋಡಿ, “ಇಷ್ಟು ಚೆಂದ ಬಣ್ಣ ಹೊಡೆದು ಇಲ್ಲೊಂದು ಕಡೆ ಕೆತ್ತಿಹೋಗಿದೆಯಲ್ಲೇ” ಅಂತ, ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಉಳಿದ ಬಣ್ಣದ ಡಬ್ಬದ ಮುಚ್ಚಳ ತೆಗೆದು ಬ್ರಷ್ ಅದ್ದಿ ನಿಂತಿದ್ದರು. ಓಡಿ ಹೋಗಿ ಕೈ ಹಿಡಿದುಕೊಂಡೆ. ಕೆಂಪು ಬಣ್ಣ ನನ್ನ ಸೆರಗಿಗೆ ಆಯಿತು. ಬೋಲ್ಟಿಗೆ ಆಗಲಿಲ್ಲ.